‘ಶನಾಯಾ’ ಅಂದರೆ ಸೂರ್ಯನ ಮೊದಲ ಕಿರಣವೇ?

ಮನೆಯಲ್ಲಿ ತೊಟ್ಟಿಲು ಕಟ್ಟುವ ಹೊತ್ತಿಗೆ ವಾಟ್ಸಾಪ್‌ಗೆ ಹೆಸರಿನ ಪಟ್ಟಿ ಬಂದೇ ಬರುತ್ತದೆ. ಕುಮಟಾ ಇರಲಿ, ಶಿರಸಿ ಇರಲಿ, ಪಟ್ಟಿ ಮಾತ್ರ ಒಂದೇ. ‘ಶನಾಯಾ’ ಸಂಸ್ಕೃತ ಪದ, ಸೂರ್ಯನ ಮೊದಲ ಕಿರಣ ಎಂದು ಅದರಲ್ಲಿರುತ್ತದೆ.

ಸಂಸ್ಕೃತದಲ್ಲಿ ಆ ಅರ್ಥದ ಅಂಥ ಪದ ಇಲ್ಲ. ಹತ್ತಿರದ್ದು ‘ಶನೈಃ’, ಅಂದರೆ ನಿಧಾನವಾಗಿ. ಮೆಲ್ಲಗೆ ಚಲಿಸುವ ಗ್ರಹಕ್ಕೆ ಶನೈಶ್ಚರ ಎಂಬ ಹೆಸರು ಬಂದದ್ದು ಇದರಿಂದಲೇ.

ನೀವೇ ನೋಡಬಹುದು. ಮೋನಿಯರ್ ವಿಲಿಯಮ್ಸ್ ಅವರ 1899ರ ಸಂಸ್ಕೃತ ನಿಘಂಟು, ಕಿಟ್ಟೆಲ್ ಅವರ 1894ರ ಕನ್ನಡ ನಿಘಂಟು ಎರಡೂ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಪದ ಸಿಗದಿದ್ದರೆ ಯಾವ ಧಾತು, ಯಾವ ಗ್ರಂಥ ಅಂತ ಕೇಳಿ. ಹತ್ತು ವೆಬ್‌ಸೈಟಿನಲ್ಲಿ ಅದೇ ಸಾಲು ಇದ್ದರೆ ಹತ್ತು ಸಾಕ್ಷಿ ಸಿಕ್ಕಂತಲ್ಲ, ಒಂದನ್ನು ನೋಡಿ ಇನ್ನೊಂದು ಬರೆದಿರುತ್ತದೆ.

ಕೆಲವರು ಇಷ್ಟಪಡುವ ‘ಖಲೀಸಿ’ಯಂತೂ ‘ಗೇಮ್ ಆಫ್ ಥ್ರೋನ್ಸ್’ ಕಥೆಯ ಕಲ್ಪಿತ ಜನಾಂಗವೊಂದರ ಮಾತು. ಆ ಕಥೆಯಲ್ಲೂ ಅದು ಹೆಸರಲ್ಲ, ‘ಖಲ್’ ಅಂದರೆ ನಾಯಕ, ಅವನ ಹೆಂಡತಿಯ ಬಿರುದು.

ಪಟ್ಟಿ ಕಳಿಸುವವರದು ಮಗುವಿನ ಮೇಲಿನ ಅಕ್ಕರೆಯೇ. ಕೇಳಲು ಚೆಂದ ಅನಿಸಿದರೆ ಶನಾಯಾ ಎಂದೇ ಇಡಿ, ತಪ್ಪೇನಿಲ್ಲ. ಆದರೆ ಅರ್ಥವೇ ಬೇಕಿದ್ದರೆ ನಮ್ಮ ಸುತ್ತಲೇ ಇದೆ ಅಲ್ವಾ? ಗೋಕರ್ಣದ ದೇವರಿಂದ ಮಹಾಬಲೇಶ್ವರ, ಇಡಗುಂಜಿಯಿಂದ ಗಣಪತಿ. ಅಂಕೋಲಾ ಕಡೆಯ ಸುಕ್ರಿ, ಸೋಮಿ ಎಂಬ ಹೆಸರುಗಳಲ್ಲಿ ಶುಕ್ರವಾರ, ಸೋಮವಾರ ಹಾಗೇ ಉಳಿದಿವೆ.