ನಾರ್ಟನ್ ಸ್ಕೇಲ್ ಬಗ್ಗೆಯೂ ಬರೆಯಬೇಕಿತ್ತು

ನರ್ಸ್ ಡೊರೀನ್ ನಾರ್ಟನ್ ವಾರ್ಡು, ಸಂಶೋಧನೆ, ಪಾಠ ಮೂರನ್ನೂ ನಿಭಾಯಿಸಿದರು ಎಂದು ಲೇಖನದಲ್ಲಿ ಬರೆದಿದ್ದೀರಿ. ಸಂಶೋಧನೆ ಏನೆಂದು ಇನ್ನೂ ಸ್ವಲ್ಪ ಹೇಳಬೇಕಿತ್ತು. ಹಾಸಿಗೆ ಹುಣ್ಣು ಆಗದಿರಲಿ ಅಂತ ಆಗೆಲ್ಲ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ವಯಸ್ಸಾದವರ ಬೆನ್ನಿಗೆ ಏನೇನೋ ಹಚ್ಚಿ ಉಜ್ಜುತ್ತಿದ್ದರು. ಅದಕ್ಕಿಂತ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುವುದೇ ಮುಖ್ಯ ಎಂದು ತೋರಿಸಿದ್ದು 1962ರ ಇವರ ತಂಡದ ವರದಿ. ಯಾರಿಗೆ ಹಾಸಿಗೆ ಹುಣ್ಣು ಆಗಬಹುದು ಎಂದು ಅಂಕ ಹಾಕಿ ಅಂದಾಜಿಸುವ ನಾರ್ಟನ್ ಸ್ಕೇಲ್ ಬಂದದ್ದೂ ಅಲ್ಲಿಂದಲೇ. ಅದರಲ್ಲಿ ನೋಡುವುದು ಐದು: ದೇಹಸ್ಥಿತಿ, ಮನಸ್ಥಿತಿ, ಓಡಾಟ, ಹಾಸಿಗೆಯಲ್ಲಿ ಹೊರಳುವ ಶಕ್ತಿ, ಮಲಮೂತ್ರದ ಹಿಡಿತ. ಒಂದೊಂದಕ್ಕೂ 1ರಿಂದ 4 ಅಂಕ. ಒಟ್ಟು 14 ಅಥವಾ ಅದಕ್ಕಿಂತ ಕಮ್ಮಿ ಬಂದರೆ ಹುಣ್ಣಾಗುವ ಅಪಾಯ ಇದೆ, ಹುಷಾರು! ಯಂತ್ರ ಬೇಡ, ಪೆನ್ನು ಸಾಕು. ರಾತ್ರಿ ಪಾಳಿಯಲ್ಲಿ ರೋಗಿಯ ಮೈ ಹೊರಳಿಸಿದವರಿಗೇ ಇಂಥದ್ದು ಹೊಳೆಯೋದು ಅಲ್ವಾ? ಮುಂದೆ ಅವರು ಅಮೆರಿಕದಲ್ಲಿ ಪ್ರೊಫೆಸರ್ ಆದ ಕಥೆಯನ್ನೂ ಬರೆಯಿರಿ.