ಮಗ್ಗಿ ಒಪ್ಪಿಸಿದರೆ 10 ರೂಪಾಯಿ ಕೊಡಬೇಕಾ?

ಪರ

ಕೊಡಬೇಕು. ನಾನಂತೂ ಕೊಡುತ್ತೇನೆ, ಮುಚ್ಚಿಡೋದೇನಿಲ್ಲ. ಕೊಪ್ಪಳದಲ್ಲಿ ನಮ್ಮದು ಕಿರಾಣಿ ಅಂಗಡಿ. ಮಗ ನಾಲ್ಕನೇ ಕ್ಲಾಸು, ಹದಿಮೂರರ ಮಗ್ಗಿ ಅಂದರೆ ಸಾಕು, ಹೊಟ್ಟೆನೋವು ಶುರು. ನಾನು ಬೈದೆ, ಅವರವ್ವ ಎರಡೇಟು ಹಾಕಿದಳು, ಏನೂ ಆಗಲಿಲ್ಲ. ಒಂದಿನ ಗಲ್ಲಾದಿಂದ ಹತ್ತರ ನೋಟು ತೆಗೆದು ಕ್ಯಾಲ್ಕುಲೇಟರ್ ಕೆಳಗಿಟ್ಟೆ. ‘ತಪ್ಪಿಲ್ದಂಗ ಒಪ್ಪಸು, ನಿಂದ’ ಅಂದೆ. ಮೂರನೇ ದಿನ ಒಪ್ಪಿಸಿದ, ನೋಟು ಹಿಡಿದು ಸೀದಾ ಮಿರ್ಚಿ ಬಂಡಿಗೆ ಓಡಿದ.

ಡಿ.ಎಡ್ ಓದಿದವರಿಗೆ ಇದು ಗೊತ್ತಿರುತ್ತೆ. ಥಾರ್ನ್‌ಡೈಕ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ 1898ರಲ್ಲೇ ಹಸಿದ ಬೆಕ್ಕನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿ, ಹೊರಗೆ ತಿನ್ನೋದು ಇಟ್ಟು ನೋಡಿದ್ದ. ಮೊದಲ ಸಲ ಪರಚಾಡಿ ಹೇಗೋ ಬಾಗಿಲು ತೆರೆದ ಬೆಕ್ಕು, ಬರಬರುತ್ತಾ ಬೇಗ ಬೇಗ ಹೊರಬರತೊಡಗಿತು. ಆಮೇಲೆ ಸ್ಕಿನ್ನರ್ ಅನ್ನುವ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಇದನ್ನೇ ಇಲಿ, ಪಾರಿವಾಳಗಳ ಮೇಲೆ ಬೆಳೆಸಿದ. ಫಲ ಸಿಕ್ಕ ಕೆಲಸ ಮತ್ತೆ ಮತ್ತೆ ನಡೆಯುತ್ತೆ, ಅದಕ್ಕೆ ಪುನರ್ಬಲನ ಅಂತ ಹೆಸರು. ಹತ್ತು ಬಾಕ್ಸ್ ಸೋಪಿಗೆ ಒಂದು ಫ್ರೀ ಅಂದರೆ ನಾನೂ ಬೀಳುತ್ತೇನಲ್ವಾ? ದೊಡ್ಡವರಿಗಾದರೆ ಸ್ಕೀಮು, ಮಕ್ಕಳಿಗಾದರೆ ಲಂಚಾನಾ? ಈಗ ಪ್ರತಿ ಸಲ ಕೊಡೋದೂ ಇಲ್ಲ, ಯಾವಾಗಲೋ ಒಮ್ಮೆ ಅಷ್ಟೇ. ಹಾಗೆ ಕಲಿತದ್ದು ಬೇಗ ಬಿಟ್ಟುಹೋಗಲ್ಲ ಅಂತಾನೂ ಸ್ಕಿನ್ನರ್ ತೋರಿಸಿದ್ದಾನೆ.

ವಿರೋಧ

ಮೇಲಿನದನ್ನು ಬರೆದವನು ನಮ್ಮಣ್ಣ. ಮಗ್ಗಿ ಬಂತು, ಒಪ್ಪಿದೆ. ಮಗಳ ಕಥೆ ಮಾತ್ರ ಅವನು ಬರೆದಿಲ್ಲ.

ಅವಳು ಆರನೇ ಕ್ಲಾಸು. ಯಾರೂ ಹೇಳದೆ ದಿನಾ ಬೆಳಿಗ್ಗೆ ಅಂಗಳದ ತುಂಬ ರಂಗೋಲಿ ಹಾಕುತ್ತಿದ್ದ ಹುಡುಗಿ. ತಮ್ಮನಿಗೆ ಕೊಟ್ಟು ಇವಳಿಗೆ ಕೊಡದಿದ್ದರೆ ಹೇಗೆ ಅಂತ ಅಣ್ಣ ರಂಗೋಲಿಗೂ 10 ರೂಪಾಯಿ ರೇಟು ಕಟ್ಟಿದ. ಪಂಚಮಿಗೆ ಹೋದಾಗ ನೋಡುತ್ತೇನೆ, ಅಂಗಳದಲ್ಲಿ ನಾಲ್ಕು ಚುಕ್ಕಿ, ಒಂದು ಸೊಟ್ಟ ಗೆರೆ. ಯಾಕವ್ವಾ ಅಂದರೆ ‘ಅಪ್ಪ ಊರಾಗಿಲ್ಲಲ್ಲ ಅತ್ತಿ’ ಅಂದಳು.

ಇದೇನು ನಮ್ಮ ಮನೆಯದೇ ಕಥೆಯಲ್ಲ. ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನುವವರು 1973ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಚಿತ್ರ ಬರೆಯೋದು ಮೊದಲೇ ಇಷ್ಟ ಇದ್ದ 3ರಿಂದ 5 ವರ್ಷದ ಮಕ್ಕಳು. ಕೆಲವರಿಗೆ ‘ಬರೆದರೆ ಚಿನ್ನದ ನಕ್ಷತ್ರ ಇರುವ ಸರ್ಟಿಫಿಕೇಟ್ ಕೊಡ್ತೀವಿ’ ಅಂತ ಮೊದಲೇ ಹೇಳಿದರು, ಕೆಲವರಿಗೆ ಏನೂ ಹೇಳದೆ ಬರೆದ ಮೇಲೆ ಅದನ್ನೇ ಕೊಟ್ಟರು, ಉಳಿದವರಿಗೆ ಕೊಡಲೇ ಇಲ್ಲ. ಒಂದೆರಡು ವಾರ ಬಿಟ್ಟು ಮತ್ತೆ ಪೆನ್ನು ಇಟ್ಟಾಗ, ಮೊದಲೇ ಮಾತು ಕೊಡಿಸಿಕೊಂಡವರು ಬರೆದದ್ದು ಉಳಿದವರ ಅರ್ಧದಷ್ಟು ಹೊತ್ತು. ಅಚಾನಕ್ ಸಿಕ್ಕವರ ಆಸೆ ಹಾಗೇ ಇತ್ತು. ಹಾಗಾಗಿ ನನ್ನ ತಕರಾರು ಬಹುಮಾನದ ಮೇಲಲ್ಲ, ಮೊದಲೇ ಕಟ್ಟುವ ರೇಟಿನ ಮೇಲೆ, ಅದೂ ಮಕ್ಕಳು ಸುಮ್ನೆ ಖುಷಿಗೆ ಮಾಡುವ ಕೆಲಸಕ್ಕೆ. ಸೋಪು ಮಾರೋದರ ಮೇಲೆ ಅಣ್ಣನಿಗೇನು ಪ್ರೀತಿ ಇತ್ತಾ, ಕಳೆದುಕೊಳ್ಳೋಕೆ?

ಆ ದಿನ ನಾನು ದುಡ್ಡು ಕೊಡಲಿಲ್ಲ. ಪಕ್ಕದಲ್ಲಿ ಕೂತು ಚುಕ್ಕಿ ಇಡತೊಡಗಿದೆ. ನನಗೆ ಹದಿನೈದರ ಸಾಲು ಯಾವತ್ತೂ ನೆಟ್ಟಗೆ ಬರಲ್ಲ. ಸ್ವಲ್ಪ ಹೊತ್ತು ನೋಡಿದಳು, ಆಮೇಲೆ ರಂಗೋಲಿ ಬಟ್ಟಲು ಕಸಿದುಕೊಂಡು ‘ಸರೀ ಅತ್ತಿ ಆಕಡೆ’ ಅಂದಳು.