"ಸೇಮ್ ಕಾರ್ಡೇ ಸಾರ್!"

ಈಗಷ್ಟೇ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್.ಪಿ. ರೋಡಿಂದ ಮನೆಗೆ ಬಂದೆ. ತಲೆ ಕೆಟ್ಟು ಮೊಸರಾಗಿದೆ. ಟ್ರಾಫಿಕ್ಕಿಂದ ಅಲ್ಲ.

ಅಕ್ಕನ ಮಗ ಕಂಪ್ಯೂಟರ್ ಅಸೆಂಬಲ್ ಮಾಡಿಸ್ಬೇಕು, ಬಾ ಮಾಮ ಅಂತ ಎಳ್ಕೊಂಡು ಹೋಗಿದ್ದ. ಬಜೆಟ್ ಕಮ್ಮಿ. ಯೂಟ್ಯೂಬ್‌ನಲ್ಲಿ ನೋಡಿ ನೋಡಿ ಗೇಮ್ ಆಡೋಕೆ ಬೇಕಾದ ಗ್ರಾಫಿಕ್ಸ್ ಕಾರ್ಡ್ ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3050 ಸಾಕು ಅಂತ ಅವನೇ ತೀರ್ಮಾನ ಮಾಡಿದ್ದ. ಅಂಗಡಿಯವರು ಡಬ್ಬ ತಂದು ಕೌಂಟರ್ ಮೇಲಿಟ್ಟರು. ದೊಡ್ಡ ಅಕ್ಷರದಲ್ಲಿ 3050. ಕೆಳಗೆ ಮೂಲೆಯಲ್ಲಿ, ಹೆಬ್ಬೆರಳು ಇಟ್ಟರೆ ಮುಚ್ಚಿಹೋಗುವಷ್ಟು ಜಾಗದಲ್ಲಿ 6 ಜಿಬಿ, ಅಂದರೆ ಕಾರ್ಡಿನ ಮೆಮೊರಿ.

"ಇವನು ನೋಡಿದ್ದು 8 ಜಿಬಿದು ಅಲ್ವಾ?" ಅಂದೆ.

"ಸೇಮ್ ಕಾರ್ಡೇ ಸಾರ್. ಎರಡು ಜಿಬಿ ಕಮ್ಮಿ, ಅಷ್ಟೇ."

ಅಷ್ಟೇ ಅಂತೆ!

ಬರೀ ಎರಡು ಜಿಬಿ ಕಮ್ಮಿ ಆಗಿದ್ದರೆ ನಾನು ಬಾಯಿ ಮುಚ್ಕೊಂಡು ಬರ್ತಿದ್ದೆ. 2022ರ ಜನವರಿಯಲ್ಲಿ ಬಂದ 8 ಜಿಬಿ ಕಾರ್ಡಿನಲ್ಲಿ 2560 ಕೋರ್ (ಲೆಕ್ಕ ಮಾಡೋ ಪುಟ್ಟ ಘಟಕಗಳು) ಇವೆ. 2024ರ ಫೆಬ್ರವರಿಯಲ್ಲಿ ಬಂದ ಈ 6 ಜಿಬಿಯದರಲ್ಲಿ 2304. ಮೆಮೊರಿಗೆ ಹೋಗಿಬರೋ ದಾರಿ, ಅಂದರೆ ಮೆಮೊರಿ ಬಸ್, 128 ಬಿಟ್ ಇದ್ದದ್ದು 96ಕ್ಕೆ ಇಳಿದಿದೆ. ಹಾಗಾಗಿ ಚಿಪ್ಪಿಗೂ ಮೆಮೊರಿಗೂ ನಡುವೆ ಸೆಕೆಂಡಿಗೆ 224 ಜಿಬಿ ಡೇಟಾ ಓಡಾಡುತ್ತಿದ್ದ ಕಡೆ ಈಗ 168. ಪವರ್ 130 ವಾಟ್ ಬದಲು 70 ವಾಟ್, ಅದಕ್ಕೆ ತಕ್ಕಂತೆ ಕ್ಲಾಕ್ ಸ್ಪೀಡೂ (ಚಿಪ್ಪು ಓಡೋ ವೇಗ) ಕೆಳಗೆ. ಕೋರು, ಬಸ್ಸು, ಕ್ಲಾಕು, ವಾಟು ಎಲ್ಲಾ ಬೇರೆ. ಹೆಸರು ಮಾತ್ರ ಸೇಮ್.

ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ. ಡಬ್ಬದ ಮೇಲೆ ಏನು ಬರೆದಿದೆಯೋ ಅದನ್ನೇ ಅವರು ಹೇಳಿದ್ದು. ಆ ಹೆಸರಿಟ್ಟ ಎನ್‌ವಿಡಿಯಾದವರ ಮೇಲೆ ಸಿಟ್ಟು.

ಇದು ಮೊದಲ ಸಲವೂ ಅಲ್ಲ. 2016ರಲ್ಲಿ ಜಿಟಿಎಕ್ಸ್ 1060 ಬಂತು, 6 ಜಿಬಿ ಒಂದು, 3 ಜಿಬಿ ಒಂದು. ಮೆಮೊರಿ ಅರ್ಧ ಮಾಡಿದ್ದು ಕಣ್ಣಿಗೆ ಕಾಣುತ್ತೆ, ಸರಿ. ಕೋರ್‌ಗಳನ್ನೂ 1280ರಿಂದ 1152ಕ್ಕೆ ಇಳಿಸಿದ್ದು ಯಾರಿಗೆ ಕಾಣಬೇಕು? ಜಿಟಿ 1030 ಇನ್ನೂ ಮಜಾ. ಗ್ರಾಫಿಕ್ಸ್‌ಗೆಂದೇ ಮಾಡಿದ ವೇಗದ ಜಿಡಿಡಿಆರ್5 ಮೆಮೊರಿ ತೆಗೆದು ಮಾಮೂಲಿ ಡಿಡಿಆರ್4 ಹಾಕಿದರು. ಸೆಕೆಂಡಿಗೆ 48 ಜಿಬಿ ಇದ್ದ ಬ್ಯಾಂಡ್‌ವಿಡ್ತ್ 17ರ ಹತ್ತಿರಕ್ಕೆ ಬಿತ್ತು. ಮೂರರಲ್ಲಿ ಒಂದು ಪಾಲು ಉಳಿಯಿತು. ಆಮೇಲೆ 3060ರಲ್ಲೂ ಅದೇ ಕಥೆ: 12 ಜಿಬಿಯದರ ಬ್ಯಾಂಡ್‌ವಿಡ್ತ್ 360, ತಡವಾಗಿ ಬಂದ 8 ಜಿಬಿಯದರದು 240.

"ಸ್ಪೆಸಿಫಿಕೇಷನ್ ಓದಿ ತಗೊಳ್ಳಿ, ಎಲ್ಲಾ ವೆಬ್‌ಸೈಟಲ್ಲಿ ಇದೆಯಲ್ಲ" ಅಂತ ಒಬ್ಬರು ಖಂಡಿತ ಕಾಮೆಂಟ್ ಹಾಕ್ತೀರಿ. ಅದಕ್ಕೆ ಮುಂಚೆನೇ ಉತ್ತರ ಕೊಟ್ಟುಬಿಡ್ತೀನಿ. ಓದಿದರೂ ಎಲ್ಲರಿಗೂ ಅರ್ಥ ಆಗೋ ಅಂಥದ್ದಲ್ಲ ಅದು. 2017ರ ಜಿಟಿಎಕ್ಸ್ 1080 ಟಿಐನಲ್ಲಿ 3584 ಕೋರ್. 2021ರ ಆರ್‌ಟಿಎಕ್ಸ್ 3060ರಲ್ಲೂ ಸರಿಯಾಗಿ 3584. ಎರಡೂ ಒಂದೇನಾ? ಅಲ್ಲ. ಒಂದು ತಲೆಮಾರಿನ ಕೋರಿಗೂ ಇನ್ನೊಂದು ತಲೆಮಾರಿನ ಕೋರಿಗೂ ಲೆಕ್ಕವೇ ಬೇರೆ. ಇನ್ನು 4060 ತಗೊಳ್ಳಿ. ಕೋರ್ 3072, ಅಂದರೆ 3060ಗಿಂತ ಕಮ್ಮಿ. ಬ್ಯಾಂಡ್‌ವಿಡ್ತ್ 272, ಅದೂ ಕಮ್ಮಿ. ಆದರೂ ಹೆಚ್ಚಿನ ಗೇಮ್‌ಗಳಲ್ಲಿ 4060ನೇ ಮುಂದೆ. ಕ್ಲಾಕ್ ಸ್ಪೀಡ್ ಜಾಸ್ತಿ, ಚಿಪ್ಪಿನ ಒಳಗಿನ ಎಲ್2 ಕ್ಯಾಶ್ (ಸಣ್ಣ, ವೇಗದ ಮೆಮೊರಿ) 3 ಎಂಬಿಯಿಂದ 24 ಎಂಬಿಗೆ ಏರಿದೆ. ಆದರೆ 4060ಯಲ್ಲಿರೋ 8 ಜಿಬಿ ಮೆಮೊರಿ ಸಾಲದ ಗೇಮ್ ಹಾಕಿ ನೋಡಿ, ಅದೇ 4060 ಒದ್ದಾಡುತ್ತೆ, ಹಳೇ 12 ಜಿಬಿ 3060 ಆರಾಮಾಗಿ ಓಡುತ್ತೆ. ಇಷ್ಟನ್ನೆಲ್ಲ ಪಿಯುಸಿ ಹುಡುಗನ ಅಪ್ಪ ಅಮ್ಮ ಕೂತು ತಾಳೆ ಹಾಕ್ಬೇಕಾ? ಅವರಿಗೆ ಗೊತ್ತಾಗೋದು ಹೆಸರೊಂದೇ. ಅದಕ್ಕೇ ಅಲ್ವಾ ಹೆಸರು ಅಂತ ಇಡೋದು? ಅದರಲ್ಲೇ ಆಟ ಆಡಿದರೆ ಹೇಗೆ?

(ನಾನು ಗೇಮ್ ಆಡದೆ ಎಷ್ಟೋ ಕಾಲ ಆಯ್ತು. ರಾತ್ರಿ ಊಟ ಆದ ಮೇಲೆ ಸುಮ್ನೆ ಯಾವ ಕಾರ್ಡ್ ಎಷ್ಟು ವೇಗ ಅನ್ನೋ ಬೆಂಚ್‌ಮಾರ್ಕ್ ಪಟ್ಟಿ ತೆಗೆದು ಕೂತ್ಕೊಳ್ಳೋದು ಒಂದು ಚಟ. "ಪಂಚಾಂಗ ಓದಿದ ಹಾಗೆ ಓದ್ತೀರಲ್ಲ, ಯಾವುದಕ್ಕಾದ್ರೂ ಮುಹೂರ್ತ ಕೂಡಿ ಬಂತಾ?" ಅಂತಾಳೆ ಮನೆಯಾಕೆ. ಬಂದಿಲ್ಲ. ನನ್ನ ಕಂಪ್ಯೂಟರಲ್ಲಿ ಇನ್ನೂ ಹಳೇ ಕಾರ್ಡೇ.)

ಕೂಗಾಡಿದರೆ ಕೆಲಸ ಆಗುತ್ತೆ ಅನ್ನೋದೂ ಗೊತ್ತಾಗಿದೆ. 2022ರ ಸೆಪ್ಟೆಂಬರಲ್ಲಿ ಎನ್‌ವಿಡಿಯಾ ಎರಡು 4080 ಘೋಷಿಸಿತು. 16 ಜಿಬಿಯದರಲ್ಲಿ 9728 ಕೋರ್, 12 ಜಿಬಿಯದರಲ್ಲಿ 7680. ಚಿಪ್ಪೇ ಬೇರೆ. ಜಗತ್ತೆಲ್ಲ ಛೀಮಾರಿ ಹಾಕಿತು. ಅಕ್ಟೋಬರಲ್ಲಿ ಹೆಸರು ಸರಿಯಾಗಿಲ್ಲ ಅಂತ ಕಂಪನಿಯೇ ಒಪ್ಪಿ ವಾಪಸ್ ತಗೊಂಡಿತು. ಮುಂದಿನ ಜನವರಿಯಲ್ಲಿ ಅದೇ ಕಾರ್ಡು 4070 ಟಿಐ ಆಗಿ 100 ಡಾಲರ್ ಕಮ್ಮಿಗೆ ಬಂತು. 899 ಡಾಲರಿನ ಕಾರ್ಡು ತಗೊಳ್ಳೋರ ಕೂಗು ಕೇಳಿಸುತ್ತೆ. ಹದಿನೈದು ಇಪ್ಪತ್ತು ಸಾವಿರ ಜೋಡಿಸಿಕೊಂಡು ಬಂದವನ ಕೂಗು ಯಾರಿಗೆ ಕೇಳಬೇಕು? 6 ಜಿಬಿ 3050 ಬಂದಾಗ ರಿವ್ಯೂ ಮಾಡೋರು ಒಂದಿಷ್ಟು ಗೊಣಗಿದರು, ಮುಗೀತು.

ಒಂದು ಮಾತು ಒಪ್ತೀನಿ. ಆ 6 ಜಿಬಿ ಕಾರ್ಡು ಕೆಟ್ಟದ್ದಲ್ಲ. 70 ವಾಟ್ ಆದ್ದರಿಂದ ಹೆಚ್ಚಿನವಕ್ಕೆ ಬೇರೆ ಪವರ್ ಕೇಬಲ್ಲೇ ಬೇಡ. ಹಳೇ ಆಫೀಸ್ ಕಂಪ್ಯೂಟರಿಗೆ ಸಿಕ್ಕಿಸಿದರೆ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡೋ ಡಬ್ಬ) ಬದಲಾಯಿಸೋ ಖರ್ಚೂ ಉಳಿಯುತ್ತೆ. ತುಂಬಾ ಜನಕ್ಕೆ ಬೇಕಾದ ಕಾರ್ಡೇ. ಹಾಗಿದ್ದರೆ 3040 ಅಂತ ಹೆಸರಿಟ್ಟು ಮಾರಿ ಸ್ವಾಮಿ! ಯಾರು ಬೇಡ ಅಂದ್ರು?

ಲ್ಯಾಪ್‌ಟಾಪ್ ವಿಷಯ ಎತ್ತಲೇಬಾರದು ಅಂದ್ಕೊಂಡಿದ್ದೆ, ಬಿಪಿ ಏರುತ್ತೆ. ಡೆಸ್ಕ್‌ಟಾಪ್ 4090ಯಲ್ಲಿ 16384 ಕೋರ್, 24 ಜಿಬಿ. ಲ್ಯಾಪ್‌ಟಾಪ್ 4090ಯಲ್ಲಿ 9728 ಕೋರ್, 16 ಜಿಬಿ. ಲ್ಯಾಪ್‌ಟಾಪ್ 4060 ಅಂತೂ 35 ವಾಟಿಂದ 115 ವಾಟ್ ತನಕ ಎಷ್ಟಕ್ಕೆ ಬೇಕಾದರೂ ಕಟ್ಟಿಹಾಕಿ ಮಾರಬಹುದು, ಸ್ಟಿಕರ್ ಮಾತ್ರ ಒಂದೇ. ಲ್ಯಾಪ್‌ಟಾಪ್ ಕೈಗೆ ಬಂದ ಮೇಲಾದರೂ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆಗೆದು, ಸಿಸ್ಟಮ್ ಇನ್ಫರ್ಮೇಷನ್ ಒತ್ತಿ, 'ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್' ಅಂತ ಇರೋ ಸಾಲು ನೋಡಿ. ನಿಮ್ಮ ಹಣೆಬರಹ ಅಲ್ಲಿದೆ.

ಇನ್ನು ಮುಂದೆ ನನ್ನ ಇನ್‌ಬಾಕ್ಸಿಗೆ "ಅಣ್ಣಾ, 4060 ಲ್ಯಾಪ್‌ಟಾಪ್ ಚೆನ್ನಾಗಿದ್ಯಾ?" ಅಂತ ಒಂದು ಸಾಲು ಕಳಿಸಿದರೆ ಉತ್ತರ ಕೊಡಲ್ಲ. ಪೂರ್ತಿ ಮಾಡೆಲ್ ನಂಬರ್ ಕಳಿಸಿ, ಎಷ್ಟು ವಾಟ್ ಅಂತ ಕೇಳಿಕೊಂಡು ಬನ್ನಿ. ಅಂಗಡಿಯವರು "ಎಲ್ಲಾ ಸೇಮ್ ಸಾರ್" ಅಂದರೆ ಫೋನ್ ಅವರ ಕೈಗೆ ಕೊಡಿ, ನಾನು ಮಾತಾಡ್ತೀನಿ.